ಬೆವರುವ ಬರ್ಫ್

ಹೋದ ಏಪ್ರಿಲ್‌ನಲ್ಲಿ ಸೂಪರ್ ಮಾರ್ಕೆಟ್ ಕಡೆಯ ಒಂದು ಜ್ಯೂಸ್ ಅಂಗಡಿಗೆ ಫ್ಲೆಕ್ಸ್ ಮಾಡಿಕೊಡುತ್ತಿದ್ದೆ. ಹತ್ತು ಅಡಿ ಉದ್ದ, ಮೂರು ಅಡಿ ಎತ್ತರ. 'ಥಂಡಾ ಲಸ್ಸಿ' ಅಂತ ದೊಡ್ಡ ಅಕ್ಷರ. ಅಕ್ಷರಗಳ ನೆತ್ತಿಯ ಮೇಲೆ ಹಿಮ ಕೂತ ಹಾಗೆ ಬಿಳಿ ಟೊಪ್ಪಿಗೆ, ಅಂಚಿನಿಂದ ಚೂಪಾಗಿ ಇಳಿಬಿದ್ದ ಕೋಲುಗಳು, ಹಿಂದೆ ಒಂದು ನೀಲಿ ಬೆಟ್ಟ. ಹದಿನಾಲ್ಕು ವರ್ಷದಿಂದ ಬೇಸಿಗೆ ಬಂತೆಂದರೆ ನಾನು ಮಾಡುವುದು ಇದನ್ನೇ. ಅಂಗಡಿಯ ಚಾಚಾ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಸ್ಕ್ರೀನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಬೇಟಾ, ಅಕ್ಷರದ ಮ್ಯಾಲ ಹತ್ತಿ ಯಾಕ ಇಟ್ಟೀದಿ?"

"ಹತ್ತಿ ಅಲ್ಲ ಚಾಚಾ, ಸ್ನೋ ಅದು."

"ಸ್ನೋ ಅಂದ್ರ, ಹೆಣ್ಮಕ್ಕಳು ಮಾರಿಗಿ ಹಚ್ಗೋತಾರಲ್ಲ, ಅದಾ?"

ಅಂಗಡಿಯ ಹುಡುಗ ಬಾಯಿ ಮುಚ್ಚಿಕೊಂಡು ನಕ್ಕ. ಚಾಚಾ ನಗಲಿಲ್ಲ. "ಇದೆಲ್ಲ ತೆಗಿ. ಬರ್ಫ್ ಹಾಕು. ಬರ್ಫ್ ಅಂದ್ರ ಬೆವರಬೇಕು. ನೋಡಿದವಗ ಕೈ ಹಚ್ಚಬೇಕು ಅನಸ್ಬೇಕು" ಅಂದು ಎದ್ದು ಹೋದರು. ಐದು ನಿಮಿಷದ ಮಾತು. ಒಂದು ವರ್ಷ ಆದರೂ ನನ್ನ ತಲೆಯಿಂದ ಇಳಿದಿಲ್ಲ.

ಯಾಕೆಂದರೆ ಅವರು ಹೇಳಿದ್ದು ಖರೆ. ಹೊರಗೆ ರಸ್ತೆ ಡಾಂಬರು ಮೆತ್ತಗಾಗುವಷ್ಟು ಬಿಸಿಲು. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನಾನು ಆಕಾಶದಿಂದ ಹಿಮ ಬೀಳುವುದನ್ನು ಒಂದು ಸಲವೂ ಕಣ್ಣಾರೆ ನೋಡಿಲ್ಲ. ನೋಡಲು ಬರುವ ಗಿರಾಕಿಯೂ ನೋಡಿಲ್ಲ. ಆದರೂ ಇಬ್ಬರ ನಡುವೆ ಅದೇ ಬಿಳಿ ಟೊಪ್ಪಿಗೆ ಓಡಾಡುತ್ತಿದೆ, ಯಾರೋ ಎಲ್ಲೋ ಬಿಡಿಸಿಟ್ಟ ಚಿತ್ರ, ನಾನು ಇಳಿಸಿಕೊಂಡಿದ್ದು. ಒಂದು ತಪ್ಪೊಪ್ಪಿಗೆ ಇಲ್ಲೇ ಮಾಡಿಬಿಡುತ್ತೇನೆ. ಬಿಳಿ ಕರಡಿ ಇರುವುದು ಉತ್ತರ ಧ್ರುವದ ಕಡೆ, ಪೆಂಗ್ವಿನ್ ಇರುವುದು ದಕ್ಷಿಣದ ಕಡೆ. ಇಬ್ಬರನ್ನೂ ಒಂದೇ ಬರ್ಫಿನ ಗಡ್ಡೆ ಮೇಲೆ ಕೂಡಿಸಿ, ಇಬ್ಬರ ಕೈಗೂ ಐಸ್‌ಕ್ರೀಮ್ ಕೊಟ್ಟು ಮೂರು ಬೇಸಿಗೆ ರೊಕ್ಕ ಗಳಿಸಿದ್ದೇನೆ. ಒಬ್ಬರೂ ಕೇಳಲಿಲ್ಲ. ಇನ್ನು ನೀಲಿ ಬಣ್ಣ. ಹಿಮನದಿಯ ದಪ್ಪ ಬರ್ಫ್ ನೀಲಿಯಾಗಿ ಕಾಣುವುದು ನಿಜ. ಬೆಳಕು ಅದರೊಳಗೆ ಬಹಳ ದೂರ ಸಾಗುವಾಗ ಕೆಂಪು ಸ್ವಲ್ಪ ಸ್ವಲ್ಪವೇ ಹೀರಿಹೋಗಿ ನೀಲಿ ಉಳಿಯುತ್ತದೆ. ಆದರೆ ನಮ್ಮ ಲಸ್ಸಿ ಗ್ಲಾಸಿನ ತುಂಡಿಗೆ ಅಷ್ಟು ದಪ್ಪ ಎಲ್ಲಿಂದ ಬರಬೇಕು? ಅದಕ್ಕೆ ಬಣ್ಣವೇ ಇಲ್ಲ. ಗ್ಲಾಸಿನ ಹಿಂದೆ ಏನಿದೆಯೋ ಅದೇ ಅದರ ಬಣ್ಣ.

ಲಾದಿ

ನನಗೆ ಗೊತ್ತಿರುವ ಬರ್ಫ್ ಯಾವುದು ಅಂತ ಯೋಚಿಸಿದರೆ ಅಕ್ಕನ ಮದುವೆಯೇ ಕಣ್ಣ ಮುಂದೆ ಬರುತ್ತದೆ. ಮೇ ತಿಂಗಳು. ನನಗೆ ಹನ್ನೊಂದು ವರ್ಷ. ಬೀಗರಿಗೆ ತಣ್ಣೀರು, ಶರಬತ್ತು ಕೊಡಬೇಕು, ಫ್ರಿಜ್ ಯಾರ ಮನೆಯಲ್ಲೂ ಇಲ್ಲ. ಮಾಮಾ ನನ್ನನ್ನು ಟಂಟಂನಲ್ಲಿ ಹತ್ತಿಸಿಕೊಂಡು ಬರ್ಫ್ ಫ್ಯಾಕ್ಟರಿಗೆ ಹೊರಟರು, ಎರಡು ಲಾದಿ, ಅಂದರೆ ಬರ್ಫಿನ ಉದ್ದನೆಯ ಗಡ್ಡೆ, ತರಲು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆದ ಅಮೋನಿಯಾ ವಾಸನೆ ಇನ್ನೂ ನೆನಪಿದೆ. ನೆಲವೆಲ್ಲ ಮರದ ಮುಚ್ಚಳಗಳು. ಒಂದು ಮುಚ್ಚಳ ಎತ್ತಿದರೆ ಕೆಳಗೆ ಉಪ್ಪುನೀರಿನ ದೊಡ್ಡ ಹೊಂಡ, ಅದರಲ್ಲಿ ಉದ್ದುದ್ದ ತಗಡಿನ ಡಬ್ಬಿಗಳು ಮುಳುಗಿ ನಿಂತಿವೆ. ಉಪ್ಪುನೀರು ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿಳಿದರೂ ಗಟ್ಟಿಯಾಗುವುದಿಲ್ಲ, ಡಬ್ಬಿಯೊಳಗಿನ ಸಿಹಿನೀರು ಗಟ್ಟಿಯಾಗುತ್ತದೆ. ಇಷ್ಟೇ ಕಸಬು. ಅದನ್ನು ನನಗೆ ಹೇಳಿದವನು ಬನಿಯನ್ ಹಾಕಿಕೊಂಡು ಬೀಡಿ ಸೇದುತ್ತಿದ್ದ ಒಬ್ಬ ಕೆಲಸಗಾರ. ಮೇ ತಿಂಗಳಲ್ಲಿ ನಡುಗುತ್ತಿದ್ದ ಮನುಷ್ಯನನ್ನು ನೋಡಿದ್ದು ಅದೇ ಮೊದಲು.

ಅವನು ಸರಪಳಿಯಿಂದ ಒಂದು ಡಬ್ಬಿ ಎತ್ತಿ, ಸಾದಾ ನೀರಿನಲ್ಲಿ ಅದ್ದಿ, ಬಗ್ಗಿಸಿದ. ಲಾದಿ ಸರ್ರನೆ ಜಾರಿ ಹಲಗೆ ಮೇಲೆ ಬಂತು. ನನ್ನಷ್ಟು ಉದ್ದ. ನಾನು ಬಗ್ಗಿ ಕಣ್ಣು ಹಚ್ಚಿ ನೋಡಿದೆ. ಅಂಚಿನಲ್ಲಿ ಗಾಜು ಇದ್ದ ಹಾಗೆ ತಿಳಿ, ಅದರ ಹಿಂದೆ ನನ್ನ ಬೆರಳು ಕಾಣುತ್ತದೆ. ಒಳಗೆ ಹೋದಂತೆ ಕೂದಲೆಳೆಯಂಥ ಗೆರೆಗಳು, ಎಲ್ಲವೂ ಒಳಮುಖ ಮಾಡಿಕೊಂಡು ಮಲಗಿದ ಸೂಜಿಗಳ ಹಾಗೆ. ನಟ್ಟನಡುವೆ ಹಾಲಿನಂಥ ಬಿಳಿ ಬೆನ್ನೆಲುಬು.

"ಮಾಮಾ, ಇದರೊಳಗ ಏನೋ ಅದ."

"ಗಾಳಿ ಅದ. ಅದಕ್ಕೂ ರೊಕ್ಕ ಕೊಟ್ಟೀವಿ, ನಡಿ."

ಮಾಮಾ ಹೇಳಿದ್ದು ತಮಾಷೆಗೆ, ಆದರೆ ವಿಷಯ ಅದೇ. ಡಬ್ಬಿಯಲ್ಲಿ ನೀರು ಹೊರಗಿನಿಂದ ಒಳಗೆ ಗಟ್ಟಿಯಾಗುತ್ತಾ ಬರುತ್ತದೆ. ಬರ್ಫಿನ ಹರಳು ನೀರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ನೀರಲ್ಲಿ ಕರಗಿದ್ದ ಗಾಳಿ, ಸುಣ್ಣ, ಉಪ್ಪು ಎಲ್ಲವನ್ನೂ ಮುಂದೆ ಮುಂದೆ ತಳ್ಳುತ್ತದೆ. ತಳ್ಳಿಸಿಕೊಂಡವು ಕೊನೆಗೆ ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಆ ಬಿಳಿ ಅಂದರೆ ಬೇಡವಾದದ್ದೆಲ್ಲ ಹೋಗಿ ಸೇರಿದ ಮೂಲೆ. ದೊಡ್ಡ ಊರುಗಳ ಹೋಟೆಲುಗಳಲ್ಲಿ ಗಾಜಿನಂಥ ತಿಳಿ ಬರ್ಫ್ ಇರುತ್ತದಲ್ಲ, ಅದಕ್ಕೆ ಒಂದೇ ದಿಕ್ಕಿನಿಂದ ನಿಧಾನವಾಗಿ ಗಟ್ಟಿ ಮಾಡಿ, ಕೊನೆಗೆ ಉಳಿದ ಕಲಕು ನೀರನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಆ ಬೆನ್ನೆಲುಬು ಇರುವ ಲಾದಿಯೇ ಚಂದ. ಫ್ಲೆಕ್ಸ್ ಚಿತ್ರಗಳಲ್ಲಿ ಅದು ಎಂದೂ ಇರುವುದಿಲ್ಲ.

ಬರುವಾಗ ಲಾದಿಗೆ ಕಟ್ಟಿಗೆ ಹೊಟ್ಟು ಬಳಿದು, ಗೋಣಿತಟ್ಟು ಸುತ್ತಿ, ಅದರ ಮೇಲೆ ನನ್ನನ್ನು ಕೂಡಿಸಿದರು. ಮೊದಲು ಸ್ವರ್ಗ. ಹತ್ತು ನಿಮಿಷಕ್ಕೆ ಕುಂಡಿಗೆ ಉರಿ. ಟಂಟಂ ಹಿಂದೆ ಉದ್ದಕ್ಕೂ ನೀರಿನ ಗೆರೆ ಬೀಳುತ್ತಿತ್ತು, ಬಿದ್ದ ಗೆರೆ ನಾವು ತಿರುವು ದಾಟುವುದರೊಳಗೆ ಒಣಗುತ್ತಿತ್ತು. ನಡುವೆ ಒಂದು ಕಡೆ ರೈಲ್ವೆ ಗೇಟ್ ಬಿತ್ತು. ಮಾಮಾ ಗೂಡ್ಸ್ ಗಾಡಿಯ ಒಂದೊಂದು ಡಬ್ಬಿಯನ್ನೂ ಬೈಯುತ್ತಾ ಎಣಿಸಿದರು. ಮನೆಗೆ ಬಂದು ಗೋಣಿ ಬಿಚ್ಚಿದಾಗ ಚೌಕನೆಯ ಲಾದಿ ತೊಳೆದ ಸಾಬೂನಿನ ಹಾಗೆ ನುಣ್ಣಗೆ ದುಂಡಗಾಗಿತ್ತು. ಅವ್ವ ನೋಡಿ, "ಅರ್ಧ ದಾರ್ಯಾಗ ಕುಡದು ಬಂದೀರೇನು?" ಅಂದಳು.

ಈ ಕಸಬಿನ ಹಳೆಯ ಕಥೆ ಆಮೇಲೆ ಓದಿದೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಬಾಸ್ಟನ್‌ನಿಂದ ಕಲ್ಕತ್ತಾಗೆ ಹಡಗಿನಲ್ಲಿ ಬರ್ಫ್ ಕಳಿಸಿದ. ಹೊರಡುವಾಗ ಸುಮಾರು 180 ಟನ್. ನಾಲ್ಕು ತಿಂಗಳು ಸಮುದ್ರ, ಎರಡು ಸಲ ಭೂಮಧ್ಯರೇಖೆ ದಾಟಬೇಕು. ತಲುಪಿದಾಗ 100 ಟನ್ ಆಸುಪಾಸು ಉಳಿದಿತ್ತು. ಮಾಮಾಗಿಂತ ಚಲೋ ಲೆಕ್ಕ. ಟ್ಯೂಡರ್ ಕೂಡ ನಂಬಿದ್ದು ಕಟ್ಟಿಗೆ ಹೊಟ್ಟನ್ನೇ. ಮುಂದೆ ಅವನ ಬರ್ಫನ್ನು ಇಡಲು ಮದ್ರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಇವತ್ತಿಗೂ ಇದೆ, ಈಗ ಅದು ವಿವೇಕಾನಂದರ ಹೆಸರಿನಲ್ಲಿದೆ.

ನಾನು ಹೇಳಬೇಕೆಂದಿದ್ದು ಇಲ್ಲಿಂದ ಶುರು. ತಣ್ಣನೆಯ ದೇಶದವರಿಗೆ ಬರ್ಫ್ ತಾನಾಗಿ ಬರುವ ವಸ್ತು. ಅದು ಬೆಳೆಯುವುದನ್ನು ಅವರು ನೋಡುತ್ತಾರೆ: ಕಿಟಕಿ ಮೇಲೆ ಹಬ್ಬುತ್ತದೆ, ಕೆರೆ ಮೇಲೆ ಹರಡುತ್ತದೆ, ಮರದ ಮೇಲೆ ಕೂಡುತ್ತದೆ. ಅದಕ್ಕೇ ಅವರ ಚಿತ್ರಗಳಲ್ಲಿ, ಕಸೂತಿಯಲ್ಲಿ, ಒಡವೆಯಲ್ಲಿ ಬರ್ಫ್ ಬೆಳೆಯುತ್ತಲೇ ಇರುತ್ತದೆ. ನಮಗೆ ಅದನ್ನು ಯಾರೋ ತಂದುಕೊಡಬೇಕು. ತಂದ ಗಳಿಗೆಯಿಂದಲೇ ಅದು ಹೊರಟಿರುತ್ತದೆ. ಅದು ಹುಟ್ಟುವುದನ್ನು ನಾವು ನೋಡುವುದೇ ಇಲ್ಲ. ನಮಗೆ ಗೊತ್ತಿರುವುದು ಅದು ಹೋಗುವ ಬಗೆ ಮಾತ್ರ. ಚಾಚಾ 'ಬೆವರಬೇಕು' ಅಂದಿದ್ದು ಇದನ್ನೇ ಅಲ್ವಾ?

ಆರು ಮೂಲೆ, ಎಂಟು ಮೂಲೆ

ಇದೇ ಗುಂಗಿನಲ್ಲಿದ್ದಾಗ ತಂಗಿಯ ಮಗಳು ಶಾಲೆಯಿಂದ ಹೋಮ್‌ವರ್ಕ್ ತಂದಳು. ಕಾಗದ ಮಡಚಿ, ಕತ್ತರಿಸಿ, ಹಿಮದ ಹರಳು ಮಾಡಬೇಕಂತೆ. ಫ್ಯಾನ್ ಬಿಸಿಗಾಳಿ ಬೀಸುತ್ತಿರುವ ಮನೆಯಲ್ಲಿ ನೆಲದ ಮೇಲೆ ಕೂತು ಅವಳು ಚೌಕದ ಕಾಗದವನ್ನು ಅರ್ಧ, ಮತ್ತೆ ಅರ್ಧ, ಮತ್ತೆ ಮೂಲೆಗೆ ಮಡಚಿದಳು. ಹಾಗೆ ಮಡಚಿದರೆ ಎಂಟು ಮೂಲೆಯೇ ಬರುವುದು. ಚಂದ ಬಂದಿತ್ತು. ಆದರೆ ಹಿಮದ ಹರಳಿಗೆ ಎಂಟು ಇರುವುದಿಲ್ಲ, ಆರೇ. ನಾನು ಹೇಳಿದೆ. "ಯಾಕ ಆರೇ?" ಅಂದಳು.

ಇದನ್ನೇ 1611ರಲ್ಲಿ ಕೆಪ್ಲರ್ ಕೇಳಿದ್ದ. ಗ್ರಹಗಳು ಸೂರ್ಯನ ಸುತ್ತ ಹೇಗೆ ಸುತ್ತುತ್ತವೆ ಅಂತ ಲೆಕ್ಕ ಹಾಕಿದನಲ್ಲ, ಅವನೇ. ಪ್ರಾಗ್ ನಗರದ ಸೇತುವೆ ಮೇಲೆ ನಡೆಯುವಾಗ ಕೋಟಿನ ಮೇಲೆ ಬಿದ್ದ ಹಿಮ ನೋಡಿ, ಎಲ್ಲವಕ್ಕೂ ಆರೇ ಮೂಲೆ ಯಾಕೆ ಅಂತ ತಲೆ ಕೆಡಿಸಿಕೊಂಡು, ಒಂದು ಸಣ್ಣ ಪುಸ್ತಕ ಬರೆದು ಗೆಳೆಯನಿಗೆ ಹೊಸ ವರ್ಷದ ಉಡುಗೊರೆ ಕೊಟ್ಟ. ಅದರಲ್ಲಿ ಅವನು ಜೇನುಗೂಡು, ದಾಳಿಂಬೆ ಕಾಳು, ಗುಂಡುಗಳ ರಾಶಿ ಎಲ್ಲ ಸುತ್ತಿ ಬರುತ್ತಾನೆ. ದುಂಡನೆಯವನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದರ ಸುತ್ತ ಆರು ಕೂಡುತ್ತವೆ. ಹಿಮಕ್ಕೂ ಅಂಥದ್ದೇ ಕಾರಣ ಇರಬಹುದು ಅಂತ ಊಹಿಸಿ, ಕೊನೆಗೆ ಉತ್ತರ ಸಿಗದೆ ಬಿಟ್ಟ. ನೀರಿನ ಅಣುಗಳು ಆರಾರು ಸೇರಿ ಉಂಗುರ ಕಟ್ಟಿಕೊಂಡು ಗಟ್ಟಿಯಾಗುತ್ತವೆ ಅಂತ ತಿಳಿಯಲು 20ನೇ ಶತಮಾನದ ಎಕ್ಸ್‌ರೇ ಬರಬೇಕಾಯಿತು. ಆದರೆ ಗುಂಡುಗಳ ರಾಶಿ ಬಗ್ಗೆ ಅವನು ಹೇಳಿದ ಮಾತು, ಇದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವಿಲ್ಲ ಅನ್ನುವುದು, ಗಣಿತದವರನ್ನು ಸುಮಾರು 400 ವರ್ಷ ಕಾಡಿತು. 1998ರಲ್ಲಿ ಥಾಮಸ್ ಹೇಲ್ಸ್ ಅದನ್ನು ಕಂಪ್ಯೂಟರ್ ಸಹಾಯದಿಂದ ಸಾಧಿಸಿದ.

ಮರುದಿನ ಸಂಜೆ ತಂಗಿಯ ಮಗಳನ್ನು ಚಾಚಾ ಅಂಗಡಿಗೆ ಕರೆದುಕೊಂಡು ಹೋದೆ. ಗಲ್ಲೆಯ ಪಕ್ಕದಲ್ಲಿ ಮೋಸಂಬಿ ರಾಶಿ. ಕೆಳಗಿನ ಸಾಲು ನೋಡು ಅಂದೆ. ಬೆರಳಿಟ್ಟು ಎಣಿಸಿದಳು. ಒಂದು ಮೋಸಂಬಿ, ಸುತ್ತ ಆರು. ಇನ್ನೊಂದು, ಅದರ ಸುತ್ತಲೂ ಆರು. "ಇವರಿಗೆ ಯಾರು ಹೇಳಿಕೊಟ್ಟರು?" ಅಂತ ಕೇಳಿದಳು. ಚಾಚಾ, "ಬೀಳಬಾರದಲ್ಲವ್ವಾ" ಅಂದರು. ಕೆಪ್ಲರ್ ಪುಸ್ತಕಕ್ಕೆ ಇದಕ್ಕಿಂತ ಚಿಕ್ಕ ಟೀಕೆ ಯಾರೂ ಬರೆಯಲಾರರು.

ಹಿಮದ ಹರಳಿನ ಫೋಟೋ ಅಂದರೆ ಬೆಂಟ್ಲಿ ಹೆಸರು ಬರಲೇಬೇಕು. ಅಮೆರಿಕದ ವರ್ಮಾಂಟ್‌ನ ಜೆರಿಕೊ ಎಂಬ ಊರಿನ ರೈತ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ 1885ರ ಜನವರಿ 15ರಂದು ಮೊದಲ ಹರಳಿನ ಫೋಟೋ ತೆಗೆದ. ಆಗ ಅವನಿಗೆ 19 ವರ್ಷ. ಸಾಯುವುದರೊಳಗೆ 5000ಕ್ಕೂ ಜಾಸ್ತಿ. ನನಗೆ ಹಿಡಿಸಿದ್ದು ಅವನ ಕೈಕೆಲಸ. ಬಿಳಿ ಹರಳು ಬಿಳಿ ಹಿನ್ನೆಲೆಯಲ್ಲಿ ಎದ್ದು ಕಾಣುವುದಿಲ್ಲ. ಅದಕ್ಕೆ ಅವನು ಗಾಜಿನ ನೆಗೆಟಿವ್‌ನ ಪ್ರತಿ ಮಾಡಿಕೊಂಡು, ಹರಳಿನ ಅಂಚಿನುದ್ದಕ್ಕೂ ಚಾಕುವಿನಿಂದ ಲೇಪ ಕೆರೆದು ತೆಗೆಯುತ್ತಿದ್ದ. ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತಿತ್ತು. ಒಂದೊಂದಕ್ಕೂ ತಾಸುಗಟ್ಟಲೆ. ನಾನು ಕಂಪ್ಯೂಟರಿನಲ್ಲಿ ಹಿನ್ನೆಲೆ ತೆಗೆಯುವುದು ಎರಡು ಕ್ಲಿಕ್‌ನಲ್ಲಿ, ಅದಕ್ಕೂ ಬೇಸರ ಪಡುತ್ತೇನೆ.

ಆ ಕಪ್ಪು ನೆಲ, ಬಿಳಿ ಗೆರೆ ನೋಡಿದಾಗ ನನಗೆ ಅನಿಸಿದ್ದು: ಇದು ಬಿದ್ರಿ! ಬೀದರಿನ ಕುಶಲಕರ್ಮಿ ಮಾಡುವುದೂ ಅದೇ ಅಲ್ವಾ? ಜಸ್ತಕ್ಕೆ, ಅಂದರೆ ಸತುವಿಗೆ, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿದು, ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಆಗ ಎಲ್ಲವೂ ಒಂದೇ ಬಣ್ಣ, ಬೆಳ್ಳಿ ಎಲ್ಲಿದೆ ಅಂತ ಸರಿಯಾಗಿ ಕಾಣುವುದೂ ಇಲ್ಲ. ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಬಿಸಿಯಲ್ಲಿ ಹಚ್ಚಿದಾಗ ಜಸ್ತ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿದು ಹೊಳೆಯುತ್ತದೆ. ಒಂದು ಸಲ ಬೀದರಿನ ಗಲ್ಲಿಯಲ್ಲಿ ನಿಂತು ಇದನ್ನು ನೋಡಿದ್ದೇನೆ. ಮಣ್ಣು ತೊಳೆದ ಕ್ಷಣ ಬಳ್ಳಿ ಕತ್ತಲಿಂದ ಎದ್ದು ಬಂದಿತ್ತು.

ಜಸ್ತದ ಮಾತು ಬಂತೆಂದು ಇನ್ನೊಂದು. ನಮ್ಮ ಬಚ್ಚಲಿನಲ್ಲಿ ಒಂದು ಹಳೆಯ ತಗಡಿನ ಬಕೆಟ್ ಇತ್ತು. ಅದರ ಮೈಮೇಲೆ ಬೂದಿ ಬಣ್ಣದ ದೊಡ್ಡ ದೊಡ್ಡ ಹೂವು, ಗರಿ ಗರಿಯಾಗಿ, ಒಂದರ ಅಂಚು ಇನ್ನೊಂದಕ್ಕೆ ತಾಗಿ. ಮನೆಗೆ ಹೊದಿಸುವ ಹಳೆಯ ತಗಡು, ನಮ್ಮ ಕಡೆಯ ಪತ್ರಾಸು, ಅದರ ಮೇಲೂ ನೋಡಿರುತ್ತೀರಿ. ಕಬ್ಬಿಣದ ತಗಡನ್ನು ಕರಗಿದ ಜಸ್ತದಲ್ಲಿ ಅದ್ದಿ ತೆಗೆದಾಗ, ಮೇಲಿನ ಜಸ್ತ ಆರುತ್ತಾ ಹರಳುಗಟ್ಟುವ ಗುರುತು ಅದು. ಚಳಿ ದೇಶದ ಕಿಟಕಿ ಗಾಜಿನ ಮೇಲೆ ಹಬ್ಬುವ ಹಿಮದ ಹೂವೂ ಹೀಗೆಯೇ ಕವಲೊಡೆದು ಬೆಳೆಯುತ್ತದೆ. ಜಸ್ತದ ಹರಳಿನದ್ದೂ ಆರು ಮೂಲೆಯ ಕಟ್ಟು. ಒಂದೇ ಫರಕು: ನೀರು ಸೊನ್ನೆಯಲ್ಲಿ ಗಟ್ಟಿಯಾದರೆ ಜಸ್ತ 419 ಡಿಗ್ರಿಯಲ್ಲಿ. ಅಂದರೆ ನಮ್ಮ ಬಿಸಿಲಿಗೆ ಹೆದರದ ಹಿಮ. ಪತ್ರಾಸಿನ ಮನೆಯೊಳಗೆ ಬೆಂದು ಹೋಗುತ್ತಾ, ತಲೆ ಮೇಲೆ ಅಷ್ಟು ದೊಡ್ಡ ಹಿಮದ ಹೂದೋಟ ಇಟ್ಟುಕೊಂಡು ಬದುಕಿದ್ದೇವೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಆಣಿಕಲ್ಲು

ನಮ್ಮ ಕಡೆ ಬರ್ಫ್ ತಾನಾಗಿ ಬರುವುದೇ ಇಲ್ಲ ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುತ್ತದೆ, ಕರೆಯದೇ. ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಅಕ್ಕನ ಮನೆ. ಒಂದು ಮಾರ್ಚಿನಲ್ಲಿ ಅಲ್ಲಿದ್ದೆ. ಮಧ್ಯಾಹ್ನ ಮೂರಕ್ಕೆ ಮೋಡ ಹಸಿರು ಮಿಶ್ರಿತ ಕಪ್ಪಾಯಿತು. ಮೊದಲು ಪತ್ರಾಸಿನ ಮೇಲೆ ಒಂದು ಟಕ್. ಆಮೇಲೆ ಒಂದು. ಆಮೇಲೆ ಮಾತು ಕೇಳಿಸಲಿಲ್ಲ. ಇಪ್ಪತ್ತು ನಿಮಿಷ. ನಿಂತಾಗ ಅಂಗಳ ಬೆಳ್ಳಗಾಗಿತ್ತು. ಮಕ್ಕಳು ಓಡಿಹೋಗಿ ಬಾಚಿ ಬಾಚಿ ತಿಂದರು. ನಾನು ಮೊಬೈಲ್ ತೆಗೆದೆ, ಸುಳ್ಳು ಯಾಕೆ ಹೇಳಲಿ, ಕಾಶ್ಮೀರ ಅಂತ ಸ್ಟೇಟಸ್ ಹಾಕುವ ಮನಸ್ಸಾಗಿತ್ತು. ಮಾವ, ಅಂದರೆ ಅಕ್ಕನ ಗಂಡ, ಹೊಸ್ತಿಲ ಮೇಲೆ ನಿಂತವರು ಕೆಳಗಿಳಿಯಲಿಲ್ಲ. ಹೊಲದಲ್ಲಿ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಬಾವಿ ಪಕ್ಕದ ಕಲ್ಲಂಗಡಿಗೆ ಇನ್ನು ಹತ್ತು ದಿನ ಬೇಕಿತ್ತು. ಮೊಬೈಲ್ ಜೇಬಿಗೆ ಹಾಕಿಕೊಂಡೆ.

ಸಂಜೆ ಹೊಲ ನೋಡಿ ಬಂದ ಮೇಲೆ ಅವರೇ ಒಂದು ದೊಡ್ಡ ಕಲ್ಲನ್ನು, ನಿಂಬೆಹಣ್ಣಿನಷ್ಟಿತ್ತು, ನೆರಳಿನಿಂದ ಆರಿಸಿ ತಂದು ಚಾಕುವಿನಿಂದ ಎರಡು ಹೋಳು ಮಾಡಿದರು. "ನೋಡು, ಉಳ್ಳಾಗಡ್ಡಿ ಇದ್ದಂಗ ಅದ" ಅಂದರು. ನಿಜ. ಒಂದು ತಿಳಿ ಪದರ, ಒಂದು ಬಿಳಿ ಪದರ, ಮತ್ತೆ ತಿಳಿ. ಮೋಡದೊಳಗೆ ನೀರು ಜಾಸ್ತಿ ಇರುವ ಜಾಗದಲ್ಲಿ ಕಲ್ಲಿನ ಮೈಗೆ ನೀರು ಹರಡಿ ನಿಧಾನವಾಗಿ ಗಟ್ಟಿಯಾಗುತ್ತದೆ, ಗಾಳಿಗೆ ಹೊರಬೀಳಲು ಪುರಸೊತ್ತು ಸಿಗುತ್ತದೆ, ಪದರ ತಿಳಿಯಾಗುತ್ತದೆ. ನೀರು ಕಡಿಮೆ, ಚಳಿ ಹೆಚ್ಚು ಇರುವ ಕಡೆ ಹನಿ ತಾಗಿದ ಕೂಡಲೇ ಗಟ್ಟಿ, ಗಾಳಿ ಒಳಗೇ ಸೆರೆ, ಪದರ ಬಿಳಿ. ಲಾದಿಯ ಬೆನ್ನೆಲುಬಿನ ಹಾಗೆ ಇಲ್ಲೂ ಬಿಳಿ ಅಂದರೆ ಸಿಕ್ಕಿಬಿದ್ದ ಗಾಳಿ. ಜಪಾನಿನ ಉಕಿಚಿರೋ ನಕಾಯಾ 1936ರಲ್ಲಿ ಹೊಕ್ಕೈಡೋದ ತಣ್ಣನೆಯ ಕೋಣೆಯೊಂದರಲ್ಲಿ ಮೊಲದ ಕೂದಲಿನ ತುದಿಯ ಮೇಲೆ ಮೊದಲ ಕೃತಕ ಹಿಮದ ಹರಳು ಬೆಳೆಸಿದ. ಚಳಿ ಎಷ್ಟು, ತೇವ ಎಷ್ಟು ಅನ್ನುವುದರ ಮೇಲೆ ಹರಳಿನ ಆಕಾರ ಬದಲಾಗುತ್ತದೆ ಅಂತ ತೋರಿಸಿದ. ಹಿಮ ಆಕಾಶ ಬರೆದ ಪತ್ರ ಅನ್ನುತ್ತಿದ್ದನಂತೆ. ಮಾವನ ಅಂಗೈಯಲ್ಲಿದ್ದ ಪತ್ರವನ್ನು ಓದಲು ಯಾರಿಗೂ ಮನಸ್ಸಿರಲಿಲ್ಲ. ಅದು ಕರಗಿ ಮೊಣಕೈ ತನಕ ಇಳಿಯಿತು.

ಹೊರಟು ನಿಂತ ವಸ್ತು

2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಹವಾಮಾನದ ದೊಡ್ಡ ಸಭೆ ನಡೆದಾಗ ಓಲಾಫರ್ ಎಲಿಯಾಸನ್ ಎಂಬ ಕಲಾವಿದ, ಮಿನಿಕ್ ರೋಸಿಂಗ್ ಎಂಬ ಭೂವಿಜ್ಞಾನಿ ಜೊತೆ ಸೇರಿ, ಗ್ರೀನ್‌ಲ್ಯಾಂಡ್‌ನ ನೀರಿನಲ್ಲಿ ತೇಲುತ್ತಿದ್ದ 12 ದೊಡ್ಡ ಬರ್ಫಿನ ಗಡ್ಡೆಗಳನ್ನು ತಂದು ಚೌಕದಲ್ಲಿ ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಇಟ್ಟರು. ಜನ ಬಂದು ಮುಟ್ಟಿದರು, ಕಿವಿ ಹಚ್ಚಿದರು, ತಬ್ಬಿಕೊಂಡರು. ಅದು ಕರಗಿಹೋಯಿತು. ಅದೇ ಕೃತಿ. ಫೋಟೋ ನೋಡಿದಾಗ ನನಗೆ ಮೊದಲು ಅನಿಸಿದ್ದು, ಇದರಲ್ಲೇನಿದೆ, ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ದಿನಾ ಬೆಳಗ್ಗೆ ಟಂಟಂನಿಂದ ಲಾದಿ ಇಳಿಸಿ ಫುಟ್‌ಪಾತ್ ಮೇಲೆ ಇಡುತ್ತಾರೆ, ಹೋಗಿ ಬರುವವರೆಲ್ಲ ಒಮ್ಮೆ ಕೈ ಹಚ್ಚಿಯೇ ಹೋಗುತ್ತಾರೆ. ಈಗಲೂ ಆ ಅಭಿಪ್ರಾಯವನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಒಂದು ಒಪ್ಪುತ್ತೇನೆ. ಚಳಿ ದೇಶದ ಕಲಾವಿದನೊಬ್ಬ ಬೆಳೆಯುವ ಬರ್ಫ್ ಬಿಟ್ಟು ಹೋಗುವ ಬರ್ಫಿನ ಕಡೆ ತಿರುಗಿದ್ದಾನೆ. ನಾವು ಮೊದಲಿನಿಂದ ನಿಂತ ಜಾಗಕ್ಕೆ ಅವರೂ ಬಂದಿದ್ದಾರೆ, ಬೇಡದ ಕಾರಣಕ್ಕೆ.

ನನಗೆ ಅದಕ್ಕಿಂತ ಹಿಡಿಸಿದ್ದು ಲಡಾಖ್‌ನ ಬರ್ಫಿನ ಸ್ತೂಪ. 2013ರ ಸುಮಾರಿಗೆ ಅಲ್ಲಿನ ಎಂಜಿನಿಯರ್ ಸೋನಮ್ ವಾಂಗ್ಚುಕ್ ಶುರು ಮಾಡಿದ್ದು. ಚಳಿಗಾಲದಲ್ಲಿ ಸುಮ್ನೆ ಹರಿದುಹೋಗುವ ಹಳ್ಳದ ನೀರನ್ನು ಎತ್ತರದಿಂದ ಪೈಪಿನಲ್ಲಿ ತಂದು, ಪಂಪ್ ಇಲ್ಲದೆ ಕಾರಂಜಿಯ ಹಾಗೆ ಚಿಮ್ಮಿಸುತ್ತಾರೆ. ಹನಿ ಬೀಳುವಷ್ಟರಲ್ಲಿ ಗಟ್ಟಿಯಾಗಿ ಶಂಕುವಿನ ಆಕಾರದ ಗುಡ್ಡ ಏಳುತ್ತದೆ. ಬಯಲಿನಲ್ಲಿ ಹಾಸಿದ ಬರ್ಫಿಗಿಂತ ಗುಡ್ಡದ ಬರ್ಫಿಗೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ಏಪ್ರಿಲ್, ಮೇ ತನಕ ಉಳಿದು, ಬಿತ್ತನೆಗೆ ನೀರು ಬೇಕಾದಾಗ ಕರಗುತ್ತದೆ. ಕರಗುವುದನ್ನು ಯಾರೂ ನಿಲ್ಲಿಸುತ್ತಿಲ್ಲ. ಯಾವಾಗ ಕರಗಬೇಕು ಅನ್ನುವುದನ್ನು ಆಕಾರದಿಂದ ಹೇಳುತ್ತಿದ್ದಾರೆ. ಡಿಸೈನ್ ಅಂದರೆ ಇದು. ಹೊಟ್ಟು ಬಳಿದು ಗೋಣಿ ಸುತ್ತಿದ ಮಾಮಾನ ಕಡೆಯ ನೆಂಟ.

ಈ ವರ್ಷ ಚಾಚಾ ಮತ್ತೆ ಬಂದರು. ಹಳೆಯ ಫ್ಲೆಕ್ಸ್ ಬಿಸಿಲಿಗೆ ಬಿಳಚಿಕೊಂಡಿತ್ತು. ಈ ಸಲ ಚಿತ್ರ ಇಳಿಸಿಕೊಳ್ಳುವುದಿಲ್ಲ, ಫೋಟೋ ತೆಗೆಯುತ್ತೇನೆ ಅಂದೆ. ಬೆಳಗ್ಗೆ ಎಂಟಕ್ಕೆ ಲಾದಿ ಬಂತು. ಅಂಗಡಿ ಮುಂದೆ ಸ್ಟೂಲ್ ಮೇಲೆ ಗೋಣಿ ಹಾಸಿ ಇಡಿಸಿದೆ. ಒಣ ಹವೆಯ ಊರು ನಮ್ಮದು, ಮಂಗಳೂರಿನ ಹಾಗೆ ಗ್ಲಾಸು ಧಾರಾಕಾರ ಬೆವರುವುದಿಲ್ಲ. ಹನಿ ಗ್ಲಾಸಿನದ್ದಲ್ಲ, ಗಾಳಿಯಲ್ಲಿರುವ ತೇವದ್ದು. ಆದರೆ ಲಾದಿಗೆ ಆ ತೊಂದರೆ ಇಲ್ಲ, ಅದು ತನ್ನದೇ ನೀರಿನಲ್ಲಿ ಹೊಳೆಯುತ್ತದೆ. ಸೂರ್ಯ ಓರೆಯಾಗಿದ್ದ. ಒಳಗಿನ ಸೂಜಿಗಳು, ಬಿಳಿ ಬೆನ್ನೆಲುಬು, ಅಂಚಿಗೆ ಅಂಟಿದ ಹೊಟ್ಟಿನ ಚೂರು, ಗೋಣಿಯ ನೂಲಿನ ಗುರುತು, ಎಲ್ಲ ಸಿಕ್ಕಿತು. ಹುಡುಗ ದಬ್ಬಳ ಹಿಡಿದುಕೊಂಡು ಕಾಯುತ್ತಿದ್ದ, ಗಿರಾಕಿ ಬಂದರೆ ಒಡೆಯಬೇಕು. ಇನ್ನೊಂದು, ಇನ್ನೊಂದು ಅಂತ ನಾನು ಅರ್ಧ ತಾಸು ತೆಗೆದೆ. ಕೊನೆಯ ಫೋಟೋದಲ್ಲಿ ಕೆಳಮೂಲೆಯಿಂದ ಒಂದು ಹನಿ ಇಳಿಯುತ್ತಿದೆ, ಇನ್ನೂ ಬಿಟ್ಟಿಲ್ಲ.

ಅದನ್ನೇ ಹತ್ತು ಅಡಿಗೆ ದೊಡ್ಡದು ಮಾಡಿ, ಪಕ್ಕದಲ್ಲಿ ಸಾದಾ ಅಕ್ಷರದಲ್ಲಿ 'ಥಂಡಾ ಲಸ್ಸಿ' ಬರೆದು ಕಟ್ಟಿದೆ. ಚಾಚಾ ರಸ್ತೆ ದಾಟಿ ಹೋಗಿ ಆ ಕಡೆಯಿಂದ ನೋಡಿದರು. ತಿರುಗಿ ಬಂದು, "ಚಲೋ ಅದ ಬೇಟಾ. ಆದ್ರ ಗೋಣಿ ಕಾಣಸ್ತದ. ಗಲೀಜು ಅಂತಾರ ಮಂದಿ. ಅದಷ್ಟು ತೆಗಿ" ಅಂದರು.

ಗೋಣಿ ತೆಗೆಯುವುದಿಲ್ಲ ಅಂದೆ. ಇನ್ನೂ ರೊಕ್ಕ ಕೊಟ್ಟಿಲ್ಲ.